ಬದಲಿ ಕೀಪರ್ ಬುಧಿ ಕುಂದರನ್

ಇಚಲಕರಂಜಿಯವರಿಗೆ ‘ಬದಲಿ’ ಎಂಬ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. 1904ರಲ್ಲಿ ವಿಠ್ಠಲರಾವ್ ದಾತಾರರು ಇಲ್ಲಿ ಮೊದಲ ಯಂತ್ರಮಗ್ಗ ಹಾಕಿದರು. ಅಂದಿನಿಂದ ಈ ಊರಿನ ಬದುಕು ಪಾಳಿಗಳ ಲೆಕ್ಕದಲ್ಲೇ ನಡೆದಿದೆ. ಹಗಲ ಪಾಳಿ, ರಾತ್ರಿ ಪಾಳಿ. ಮಗ್ಗದವನಿಗೆ ಜ್ವರ ಬಂತು, ಇಲ್ಲಾ ಊರ ಜಾತ್ರೆಗೆ ಹೋದ ಅಂದರೆ ಮಗ್ಗ ನಿಲ್ಲುವಂತಿಲ್ಲ. ಆ ಜಾಗಕ್ಕೆ ಬದಲಿ ಆಳು ಬರಬೇಕು. ಮುಂಬಯಿಯ ದೊಡ್ಡ ಗಿರಣಿಗಳಲ್ಲಂತೂ ಬದಲಿ ಕಾಮಗಾರರೆಂಬ ಒಂದು ವರ್ಗವೇ ಇತ್ತು. ಅವರು ಬೆಳಿಗ್ಗೆ ಎದ್ದು ಗಿರಣಿಯ ಬಾಗಿಲಿಗೆ ಬಂದು ನಿಲ್ಲುವರು. ಒಳಗೆ ಯಾರಾದರೂ ಬಂದಿಲ್ಲ ಎಂದಾದರೆ ಇವರಿಗೆ ಅಂದಿನ ಕೂಲಿ, ಎಲ್ಲರೂ ಬಂದಿದ್ದರೆ ಬುತ್ತಿ ಹಿಡಿದುಕೊಂಡು ಬಂದ ದಾರಿಯಲ್ಲೇ ವಾಪಸು. ಬದಲಿಯವನಿಗೆ ಕೆಲಸ ಬರುವುದಿಲ್ಲ ಅಂತ ಇದರ ಅರ್ಥವಲ್ಲ. ಕೆಲಸ ಬರುತ್ತದೆ ಅಂತಲೇ ಅವನನ್ನು ಬಾಗಿಲಲ್ಲಿ ನಿಲ್ಲಿಸಿಕೊಳ್ಳುವುದು. ಆದರೆ ಅವನ ಪಾಳಿ ಇನ್ನೊಬ್ಬನ ಜ್ವರದ ಮೇಲೆ ನಿಂತಿರುತ್ತದೆ, ಇದೇ ಅವನ ಪಾಡು.

ಆಟದಲ್ಲೂ ಇಂಥ ಬದಲಿ ಆಳುಗಳಿದ್ದಾರೆ. ನಮ್ಮ ಗಡಹಿಂಗ್ಲಜದ ಕಡೆಯ ಫುಟ್‌ಬಾಲ್ ಹುಚ್ಚಿನ ಹುಡುಗರಿಗೆ ಇದು ಗೊತ್ತಿರುವ ಸಂಗತಿ. ಹನ್ನೊಂದು ಜನರಲ್ಲಿ ಹತ್ತು ಮಂದಿ ಓಡಾಡುವವರು, ಅವರ ಜಾಗ ಅಷ್ಟಿಷ್ಟು ಅದಲು ಬದಲು ಆದೀತು. ಗೋಲಿ ಮಾತ್ರ ಒಬ್ಬನೇ. ಎರಡನೇ ಗೋಲಿ ಎಷ್ಟೇ ಗಟ್ಟಿಯಿರಲಿ, ಮೊದಲಿನವನು ನಿಂತಿರುವ ತನಕ ಅವನು ಗೆರೆಯಾಚೆ ಕೂತು ನೀರಿನ ಬಾಟಲಿ ಕಾಯಬೇಕು. ಕ್ರಿಕೆಟ್ಟಿನಲ್ಲಿ ಇದೇ ಗತಿ ವಿಕೆಟ್ ಕೀಪರನದು. ಬ್ಯಾಟ್ಸ್‌ಮನ್ ಆರು ಜನ ಬೇಕು, ಬೌಲರು ನಾಲ್ಕೈದು ಜನ ಬೇಕು, ಕೀಪರ್ ಒಬ್ಬನೇ ಸಾಕು. ಫುಟ್‌ಬಾಲಿನವರು 1970ರ ವಿಶ್ವಕಪ್‌ನಿಂದ ಆಟದ ನಡುವೆ ಆಳು ಬದಲಿಸಲು ಒಪ್ಪಿದರು, ಗೋಲಿಗೆ ಪೆಟ್ಟಾದರೆ ಎರಡನೆಯವನು ಒಳಗೆ ಬಂದಾನು. ಕ್ರಿಕೆಟ್ಟಿನ ನಿಯಮ ಬಹಳ ಕಾಲ ಅದಕ್ಕಿಂತ ಕಠಿಣವಾಗಿತ್ತು. ಹೊರಗಿನಿಂದ ಬದಲಿಗೆ ಬಂದವನು ಚೆಂಡು ಹಿಡಿದು ಎಸೆಯಬಹುದು, ಕೈಗವಸು ತೊಟ್ಟು ವಿಕೆಟ್ ಹಿಂದೆ ನಿಲ್ಲುವಂತಿಲ್ಲ ಎಂದಿತ್ತು. 2017ರಲ್ಲಿ ಆ ನಿಯಮ ಬದಲಾಯಿತು. ಅಂದರೆ ಹಿಂದಿನ ಕಾಲದ ಎರಡನೇ ಕೀಪರ್ ಎಂದರೆ, ಪಂದ್ಯದ ಮುಂಜಾನೆ ಹೆಸರು ಬಂದರೆ ಬಂತು, ಇಲ್ಲವಾದರೆ ಐದು ದಿನ ಕೂತು ನೋಡುವುದು.

ಇಂಥ ಒಬ್ಬ ಎರಡನೇ ಕೀಪರನ ಕತೆ ಬರೆಯೋಣ ಅಂತ ಕೂತೆ. ಅವರು ನಮ್ಮ ಕೊಲ್ಹಾಪುರದವರಲ್ಲ, ಕರಾವಳಿಯ ಮೂಲ್ಕಿಯಲ್ಲಿ ಹುಟ್ಟಿದವರು. ಆದರೂ ಕೊಲ್ಹಾಪುರದ ಹೆಸರು ಎತ್ತದೆ ಮುಂದೆ ಹೋಗಲು ಮನಸ್ಸಾಗದು, ಯಾಕೆಂದರೆ ಕೈಯಲ್ಲಿ ಕಸುಬಿದ್ದೂ ಬಾಗಿಲ ಹೊರಗೆ ಉಳಿದವರ ಮಾತು ಬಂದರೆ ನಮ್ಮ ಜಿಲ್ಲೆ ಹಿಂದೆ ಬೀಳುವುದಿಲ್ಲ. ಕೊಲ್ಹಾಪುರದಲ್ಲಿ ಹುಟ್ಟಿ ಅಲ್ಲೇ ತೀರಿಕೊಂಡ ಭಾವುಸಾಹೇಬ ನಿಂಬಾಳಕರರು 1948ರ ಡಿಸೆಂಬರಿನಲ್ಲಿ ಪುಣೆಯಲ್ಲಿ ಕಾಠಿಯಾವಾಡದ ಮೇಲೆ ಔಟಾಗದೆ 443 ರನ್ ಹೊಡೆದರು. ಬ್ರಾಡ್‌ಮನ್ನರ 452ಕ್ಕೆ ಒಂಬತ್ತೇ ರನ್ ಕಡಿಮೆ. ಅಷ್ಟರಲ್ಲಿ ಎದುರಾಳಿ ತಂಡದವರು ಆಟ ಸಾಕು ಅಂತ ಪಂದ್ಯ ಬಿಟ್ಟುಕೊಟ್ಟು ಹೊರಟುಹೋದರು. ಅಷ್ಟು ಹೊಡೆದ ಮನುಷ್ಯ ಒಂದೇ ಒಂದು ಟೆಸ್ಟ್ ಆಡಲಿಲ್ಲ. ಅದೇ ಊರಿನ ಸದಾಶಿವ ಪಾಟೀಲರು 1955ರಲ್ಲಿ ಮುಂಬಯಿಯಲ್ಲಿ ನ್ಯೂಜಿಲೆಂಡ್ ಮೇಲೆ ಒಂದು ಟೆಸ್ಟ್ ಆಡಿದರು, ಎರಡು ವಿಕೆಟ್ ತೆಗೆದರು, ಭಾರತ ಗೆದ್ದಿತು. ಮತ್ತೆ ಅವರನ್ನು ಕರೆಯಲಿಲ್ಲ. ಇವರಿಬ್ಬರದೂ ಬೇರೆ ಬೇರೆ ಕತೆ, ಅದಕ್ಕೆ ಬೇರೆ ಲೇಖನವೇ ಬೇಕು. ಒಬ್ಬರಿಗೆ ಬಾಗಿಲು ತೆರೆಯಲೇ ಇಲ್ಲ, ಇನ್ನೊಬ್ಬರಿಗೆ ಒಮ್ಮೆ ತೆರೆದು ಮುಚ್ಚಿತು. ಕುಂದರನ್ನರ ಬಾಗಿಲು ಮಾತ್ರ ಏಳೂವರೆ ವರ್ಷ ತೆರೆಯುತ್ತ ಮುಚ್ಚುತ್ತಲೇ ಇತ್ತು.

ಬುದ್ಧಿಸಾಗರ ಕೃಷ್ಣಪ್ಪ ಕುಂದರನ್ ಹುಟ್ಟಿದ್ದು 1939ರ ಅಕ್ಟೋಬರ್ 2ರಂದು. ಆಗ ಮೂಲ್ಕಿ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆ ಕಡೆಯ ಎಷ್ಟೋ ಮನೆಗಳಂತೆ ಇವರ ಮನೆಯೂ ಮುಂಬಯಿ ಸೇರಿತು. ಕೋಟೆ ಭಾಗದ ಭರಡಾ ನ್ಯೂ ಹೈಸ್ಕೂಲಿನಲ್ಲಿ ಓದು. ತಂದೆಗೆ ಆಟವೆಂದರೆ ಆಗುತ್ತಿರಲಿಲ್ಲ. ಶಾಲೆಯ ತಂಡಕ್ಕೆ ಕೀಪರ್ ಬೇಕಾಗಿತ್ತು, ಹುಡುಗ ಸಿಕ್ಕ, ಆದರೆ ಬಿಳಿ ಬಟ್ಟೆ ಎಲ್ಲಿಂದ ತರಬೇಕು? ತಾಯಿ ಗಂಡನಿಗೆ ಗೊತ್ತಾಗದ ಹಾಗೆ ಗಂಡನದೇ ಬಟ್ಟೆಯನ್ನು ಕತ್ತರಿಸಿ ಮಗನ ಅಳತೆಗೆ ಹೊಲಿದುಕೊಟ್ಟಳಂತೆ. ಆ ಬಟ್ಟೆ ತೊಟ್ಟು ಹುಡುಗ ಮೊದಲ ಪಂದ್ಯದಲ್ಲೇ 219 ಹೊಡೆದ. ಪತ್ರಿಕೆಯಲ್ಲಿ ಫೋಟೋ ಬಂತು. ಫೋಟೋ ನೋಡಿಯೇ ತಂದೆಗೆ ವಿಷಯ ತಿಳಿದದ್ದು! ಆಮೇಲೆ ಮನೆಯಲ್ಲಿ ಏನು ನಡೆಯಿತೋ ಊಹಿಸಿಕೊಳ್ಳಿರಿ. ತನ್ನದೇ ಬಟ್ಟೆ ಪತ್ರಿಕೆಯಲ್ಲಿ ಕಂಡ ತಂದೆ ಬೈದಿರಬೇಕೋ ಹಿಗ್ಗಿರಬೇಕೋ, ನನಗಂತೂ ಎರಡೂ ಅನ್ನಿಸುತ್ತದೆ.

1959–60ರ ಚಳಿಗಾಲದಲ್ಲಿ ರಿಚಿ ಬೆನೊ ಅವರ ಆಸ್ಟ್ರೇಲಿಯಾ ತಂಡ ಭಾರತಕ್ಕೆ ಬಂದಿತ್ತು. ಕಾನಪುರದಲ್ಲಿ ಜಸು ಪಟೇಲ್ 14 ವಿಕೆಟ್ ಕಿತ್ತು ಗೆಲ್ಲಿಸಿದ್ದು ಅದೇ ಸರಣಿಯಲ್ಲಿ. ಆಗ ನಮ್ಮ ಕೀಪರ್‌ಗಳೆಂದರೆ ನರೇನ್ ತಮ್ಹಾಣೆ ಮತ್ತು ಪಿ.ಜಿ. ಜೋಶಿ. ಇಬ್ಬರೂ ಪಳಗಿದ ಕೈಯವರು, ಆದರೆ ಬ್ಯಾಟಿನಿಂದ ಹೆಚ್ಚಿಗೆ ಬರುತ್ತಿರಲಿಲ್ಲ. ಮುಂಬಯಿಯ ಮೂರನೇ ಟೆಸ್ಟಿಗೆ, 1960ರ ಜನವರಿ 1ರಂದು, ಆಯ್ಕೆಗಾರರು ಇನ್ನೂ ಒಂದು ರಣಜಿ ಪಂದ್ಯವನ್ನೂ ಆಡಿರದ ಇಪ್ಪತ್ತು ವರ್ಷದ ಕುಂದರನ್ನರನ್ನು ಕರೆದರು. ಆ ಹಿಂದಿನ ರಾತ್ರಿಯ ಕತೆಯನ್ನು ಕ್ರಿಕೆಟ್ ಬಲ್ಲ ಹಿರಿಯರು ಈಗಲೂ ಹೇಳುತ್ತಾರೆ. ಮನೆ ಅಂದರೆ ಒಂದೇ ಖೋಲಿ, ತುಂಬ ಜನ. ಅಲ್ಲಿ ನಿದ್ದೆ ಬಾರದು ಅಂತ ಹುಡುಗ ಹತ್ತಿರದ ತೋಟದಲ್ಲಿ ಹೋಗಿ ಮಲಗಿದನಂತೆ. ಬೆಳಿಗ್ಗೆ ಎದ್ದು ಬ್ರೆಬೋರ್ನ್ ಮೈದಾನಕ್ಕೆ ಹೋಗಿ ದೇಶದ ಪರವಾಗಿ ಆಡಿದ. ಕೈಯಲ್ಲಿದ್ದ ಗವಸುಗಳು ಕೂಡ ತಮ್ಹಾಣೆಯವರಿಂದ ಎರವಲು ತಂದವು.

ಈ ತಮ್ಹಾಣೆಯವರ ಬಗ್ಗೆ ಒಂದು ಮಾತು ಹೇಳಲೇಬೇಕು. ಯಾರ ಜಾಗಕ್ಕೆ ಹುಡುಗ ಬಂದನೋ ಆ ಮನುಷ್ಯನೇ ತನ್ನ ಗವಸು ಕೊಟ್ಟು ಕಳಿಸಿದರು. ನಾವು ಮಗ್ಗದವರು, ನಮ್ಮ ಜಾಗಕ್ಕೆ ಬಂದ ಬದಲಿಯವನಿಗೆ ನಮ್ಮ ಕತ್ತರಿ ಕೊಟ್ಟೇವಾ? ಕೊಡುವವರೂ ಇದ್ದಾರೆ ಅನ್ನಿ, ಆದರೆ ಬಹಳ ಮಂದಿಯಲ್ಲ.

ಮದ್ರಾಸಿನ ಮುಂದಿನ ಟೆಸ್ಟಿನಲ್ಲಿ ಭಾರತ 149ಕ್ಕೆ ಮಗುಚಿತು. ಅದರಲ್ಲಿ 71 ರನ್ ಕುಂದರನ್ನರದು. ಡೇವಿಡ್‌ಸನ್, ಬೆನೊ ಅಂಥವರು ಚೆಂಡು ಹಾಕುತ್ತಿರುವಾಗ ಉಳಿದವರೆಲ್ಲ ಸೇರಿ ಹೊಡೆದದ್ದಕ್ಕೆ ಹತ್ತಿರ ಹತ್ತಿರ ಅಷ್ಟನ್ನು ಒಬ್ಬ ಹುಡುಗ ಹೊಡೆದ. ಅವರ ಬ್ಯಾಟಿಂಗ್ ಹಂಗೇ ಇತ್ತು ನೋಡ್ರಿ, ಕೂತು ಯೋಚಿಸುವ ಜಾತಿಯದಲ್ಲ. ಆ ಕಾಲದ ನಮ್ಮ ತಂಡ ‘ಸೋಲದಿದ್ದರೆ ಸಾಕು’ ಅಂತ ಆಡುತ್ತಿದ್ದ ತಂಡ. ಅಂಥವರ ನಡುವೆ ಚೆಂಡು ಕಂಡ ಕೂಡಲೇ ಬೀಸುವ ಮನುಷ್ಯ. ಆಮೇಲೆ ರೈಲ್ವೆ ತಂಡದ ಪರವಾಗಿ ಜಮ್ಮು–ಕಾಶ್ಮೀರದ ಮೇಲೆ ಮೊದಲ ರಣಜಿ ಪಂದ್ಯ ಆಡಿದರು, ಅದರಲ್ಲಿ 205. ಜನ ಸಾಮಾನ್ಯವಾಗಿ ರಣಜಿಯ ಮೆಟ್ಟಿಲು ಹತ್ತಿ ಟೆಸ್ಟಿಗೆ ಹೋಗುತ್ತಾರೆ. ಇವರು ಮಾಳಿಗೆಯ ಮೇಲಿಂದ ಇಳಿದು ಬಂದು ಮೆಟ್ಟಿಲು ಏರಿದರು.

ಇಷ್ಟಾದ ಮೇಲೆ ಜಾಗ ಗಟ್ಟಿಯಾಗಬೇಕಿತ್ತು. ಆಗಲಿಲ್ಲ. ಮುಂದಿನ ವರ್ಷ ಪಾಕಿಸ್ತಾನ ಬಂದಾಗ ಮತ್ತೆ ಜೋಶಿ, ಮತ್ತೆ ತಮ್ಹಾಣೆ. ಅವರಿಬ್ಬರ ಕಾಲ ಮುಗಿಯುತ್ತ ಬಂತು, ಇನ್ನು ಕುಂದರನ್ ಒಬ್ಬರೇ ಅನ್ನುವ ಹೊತ್ತಿಗೆ ಫಾರೂಕ್ ಎಂಜಿನಿಯರ್ ಬಂದರು. 1961ರ ಡಿಸೆಂಬರಿನಲ್ಲಿ ಇಂಗ್ಲೆಂಡ್ ಮೇಲೆ ಕಾನಪುರದಲ್ಲಿ ಅವರ ಮೊದಲ ಟೆಸ್ಟ್. ಅವರೂ ಮುಂಬಯಿಯವರೇ, ಕುಂದರನ್ನರಿಗಿಂತ ಒಂದೂವರೆ ವರ್ಷ ಹಿರಿಯರು. ಅವರೂ ಬೀಸಿ ಹೊಡೆಯುವವರೇ, ಮೊದಲಿಗನಾಗಿ ಆಡಬಲ್ಲವರೇ. ಇದು ದೊಡ್ಡ ಸೋಜಿಗ. ದೇಶಕ್ಕೆ ಹತ್ತು ವರ್ಷ ಬ್ಯಾಟ್ ಹಿಡಿಯುವ ಕೀಪರ್ ಒಬ್ಬನೂ ಇರಲಿಲ್ಲ, ಬಂದಾಗ ಒಂದೇ ಊರಿನಿಂದ ಒಂದೇ ತರಹದವರು ಇಬ್ಬರು ಬಂದರು. ಬಾವಿ ಬತ್ತಿದಾಗ ಹನಿ ನೀರಿಲ್ಲ, ಮಳೆ ಬಂತೆಂದರೆ ಕೊಡ ಒಂದೇ.

1962ರ ವೆಸ್ಟ್ ಇಂಡೀಸ್ ಪ್ರವಾಸಕ್ಕೆ ಇಬ್ಬರೂ ಹೋದರು. ಬಾರ್ಬಡೋಸ್‌ನಲ್ಲಿ ನಾಯಕ ನರಿ ಕಾಂಟ್ರಾಕ್ಟರರ ತಲೆಗೆ ಗ್ರಿಫಿತ್ ಎಸೆದ ಚೆಂಡು ಬಡಿದು ಪ್ರಾಣಕ್ಕೇ ಕುತ್ತು ಬಂದದ್ದು ಆ ಪ್ರವಾಸದಲ್ಲೇ. ಐದು ಟೆಸ್ಟೂ ಸೋತು ಬಂದರು. ಆ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಂಜಿನಿಯರ್ ಒಮ್ಮೆ, ಕುಂದರನ್ ಒಮ್ಮೆ, ಹೀಗೆ ಗವಸು ಕೈ ಬದಲಾಯಿಸುತ್ತ ಹೋಯಿತು.

ಈಗ 1964ರ ಜನವರಿಗೆ ಬರೋಣ. ಮೈಕ್ ಸ್ಮಿತ್‌ರ ಇಂಗ್ಲೆಂಡ್ ತಂಡ ಬಂದಿದೆ. ಮೊದಲ ಟೆಸ್ಟ್ ಮದ್ರಾಸಿನಲ್ಲಿ, ಜನವರಿ 10ರಿಂದ, ಕಾರ್ಪೊರೇಶನ್ ಮೈದಾನದಲ್ಲಿ. ಕೀಪರ್ ಎಂಜಿನಿಯರ್ ಎಂದೇ ಎಲ್ಲರ ಎಣಿಕೆ. ಅವರ ಮೈ ಸರಿಯಿರಲಿಲ್ಲ. ಬದಲಿಗೆ ಕರೆ ಬಂತು. ಕುಂದರನ್ ಮೊದಲಿಗನಾಗಿ ಬ್ಯಾಟ್ ಹಿಡಿದು ಹೋದರು. ಸಂಜೆ ಆಟ ನಿಂತಾಗ ಅವರ ಹೆಸರಿನ ಮುಂದೆ 170 ಇತ್ತು, ಔಟಾಗಿರಲಿಲ್ಲ. ಒಂದೇ ದಿನದಲ್ಲಿ, ಆ ಕಾಲದ ಭಾರತದಲ್ಲಿ! ಮರುದಿನ 192ಕ್ಕೆ ಔಟಾದರು. 31 ಬೌಂಡರಿ. ವಿಜಯ್ ಮಾಂಜ್ರೇಕರರೂ 108 ಹೊಡೆದರು, ಭಾರತ 7 ವಿಕೆಟ್ಟಿಗೆ 457 ಮಾಡಿ ಡಿಕ್ಲೇರ್ ಮಾಡಿತು. ಭಾರತದ ಕೀಪರ್ ಒಬ್ಬ ಟೆಸ್ಟಿನಲ್ಲಿ ಶತಕ ಹೊಡೆದದ್ದು ಅದೇ ಮೊದಲು.

ಆದರೆ ಆ ಪಂದ್ಯ ಯಾವುದಕ್ಕೆ ಹೆಸರಾಗಿದೆ ಗೊತ್ತೇನು? ನಮ್ಮ ಮಾಸ್ತರರಿಗೆ ಕೇಳಿ ನೋಡಿರಿ, ಥಟ್ಟನೆ ಹೇಳುತ್ತಾರೆ, ಬಾಪು ನಾಡಕರ್ಣಿಯವರ 21 ಮೇಡನ್ ಓವರು. ನಾಶಿಕದ ಬಾಪು ಅದೇ ಪಂದ್ಯದ ಮೂರನೇ ದಿನ ಒಂದರ ಹಿಂದೊಂದು 21 ಓವರ್ ಒಂದೂ ರನ್ ಕೊಡದೆ ಹಾಕಿದರು. 131 ಚೆಂಡು ಒಂದೂ ರನ್ನಿಲ್ಲ. ಕೊನೆಗೆ ಲೆಕ್ಕ 32 ಓವರ್, 27 ಮೇಡನ್, 5 ರನ್. ಅದು ಜಗತ್ತಿನ ದಾಖಲೆ, ಸಾಮಾನ್ಯಜ್ಞಾನದ ಪುಸ್ತಕದಲ್ಲಿ ಬಂತು, ಶಾಲೆಯ ಹುಡುಗರು ಬಾಯಿಪಾಠ ಮಾಡಿದರು. ಬಾಪು ಅವರ ಸಾಧನೆಯನ್ನು ನಾನೇನೂ ಕಡಿಮೆ ಮಾಡುತ್ತಿಲ್ಲ. ಅಷ್ಟು ಹೊತ್ತು ಒಂದೇ ಜಾಗಕ್ಕೆ ಚೆಂಡು ಬೀಳಿಸುವುದು ಅಂದರೆ ನೂಲು ಕಡಿಯದೆ ಥಾನು ಇಳಿಸಿದ ಹಾಗೆ. ಆದರೆ ಆ 131 ಚೆಂಡಿನ ಹೊತ್ತಿನಲ್ಲಿ ವಿಕೆಟ್ ಹಿಂದೆ ಬಗ್ಗಿ ಕೂತಿದ್ದವನು ಯಾರು? ಹಿಂದಿನ ಎರಡು ದಿನ ಬಿಸಿಲಲ್ಲಿ 192 ಹೊಡೆದು ಬಂದವನು. ಅದು ಯಾವ ಪುಸ್ತಕದಲ್ಲೂ ಇಲ್ಲ.

ಆ ಸರಣಿಯ ಐದು ಟೆಸ್ಟೂ ಡ್ರಾ ಆದವು. ದಿಲ್ಲಿಯ ನಾಲ್ಕನೇ ಟೆಸ್ಟಿನಲ್ಲಿ ಕುಂದರನ್ ಮತ್ತೊಂದು ಶತಕ ಹೊಡೆದರು, ಸರಿಯಾಗಿ 100. ಆ ಪಂದ್ಯದಲ್ಲೂ ಹೆಸರು ಬೇರೆಯವರದೇ, ಹನುಮಂತ ಸಿಂಗ್ ಮೊದಲ ಟೆಸ್ಟಿನಲ್ಲೇ 105 ಹೊಡೆದರು, ಪಟೌಡಿ ಔಟಾಗದೆ 203. ಸರಣಿ ಮುಗಿದಾಗ ಕುಂದರನ್ನರ ಒಟ್ಟು 525 ರನ್, ಸರಾಸರಿ 52.50. ಒಬ್ಬ ಕೀಪರ್ ಒಂದೇ ಸರಣಿಯಲ್ಲಿ 525 ರನ್ ಹೊಡೆಯುವುದು ಇಂದಿಗೂ ಅಪರೂಪ.

ಏಳೆಂಟು ತಿಂಗಳು ಕಳೆಯಿತು. 1964ರ ಅಕ್ಟೋಬರಿನಲ್ಲಿ ಬಾಬ್ ಸಿಂಪ್ಸನ್‌ರ ಆಸ್ಟ್ರೇಲಿಯಾ ಬಂತು. ತಂಡದ ಪಟ್ಟಿಯಲ್ಲಿ ಕೀಪರ್ ಯಾರು? ಕುಂದರನ್ ಅಲ್ಲ, ಎಂಜಿನಿಯರೂ ಅಲ್ಲ, ಸೌರಾಷ್ಟ್ರದ ಇಂದ್ರಜಿತ್‌ಸಿಂಹಜಿ! ಮೂರು ಟೆಸ್ಟೂ ಅವರೇ ಆಡಿದರು. ಮುಂಬಯಿಯಲ್ಲಿ ಭಾರತ ಎರಡು ವಿಕೆಟ್ಟಿನಿಂದ ಗೆದ್ದಾಗ ಬೋರ್ಡೆಯವರ ಜೊತೆಗೆ ಕೊನೆಗೆ ನಿಂತಿದ್ದವರೂ ಅವರೇ, ಆದ್ದರಿಂದ ಅವರನ್ನು ದೂರಲಾಗದು. ಅದಾದ ಮೇಲೆ ನ್ಯೂಜಿಲೆಂಡ್ ಬಂದಾಗ ಎಂಜಿನಿಯರ್ ಮರಳಿದರು. 525 ರನ್ ಹೊಡೆದ ಮನುಷ್ಯ ಮತ್ತೆ ಬಾಗಿಲ ಹೊರಗೆ.

ಇಲ್ಲಿ ನಾವು ನ್ಯಾಯವಾಗಿ ಮಾತಾಡಬೇಕು. ಒಬ್ಬರ ಕತೆ ಹೇಳಲು ಕೂತಾಗ ಅವರ ಪಕ್ಷ ಹಿಡಿಯುವುದು ಸುಲಭ. ಕುಂದರನ್ ಆಡಿದ್ದು ಒಟ್ಟು 18 ಟೆಸ್ಟ್, 981 ರನ್, ಸರಾಸರಿ 32.70, ಎರಡು ಶತಕ. ಎಂಜಿನಿಯರ್ ಆಡಿದ್ದು 46 ಟೆಸ್ಟ್, 2611 ರನ್, ಸರಾಸರಿ 31.08, ಅವರದೂ ಎರಡೇ ಶತಕ. ಇದನ್ನು ನೋಡಿದರೆ ‘ಮೋಸ ಆಯಿತಲ್ಲ!’ ಎನ್ನುತ್ತೇವೆ. ಆದರೆ ಪೆನ್ಸಿಲು ತಗೊಂಡು ಇನ್ನೊಂದು ಲೆಕ್ಕ ಮಾಡಿರಿ. ಆ 981ರಲ್ಲಿ 525 ಒಂದೇ ಸರಣಿಯವು. ಅದನ್ನು ತೆಗೆದಿಟ್ಟರೆ ಉಳಿದ 13 ಟೆಸ್ಟಿನಲ್ಲಿ 456 ರನ್, ಸರಾಸರಿ 22.80ಕ್ಕೆ ಇಳಿಯುತ್ತದೆ. ಗವಸಿನ ಕೆಲಸದಲ್ಲಿ, ಅದರಲ್ಲೂ ಸ್ಪಿನ್ನರುಗಳಿಗೆ ನಿಲ್ಲುವುದರಲ್ಲಿ, ಎಂಜಿನಿಯರ್ ಒಂದು ಕೈ ಮೇಲು ಎಂದೇ ಬಲ್ಲವರ ಮಾತು. ಪ್ರಸನ್ನ, ಚಂದ್ರಶೇಖರ್, ಆಮೇಲೆ ಬೇಡಿ, ವೆಂಕಟರಾಘವನ್ ಬರುತ್ತಿದ್ದ ಕಾಲವದು. ಆಗಿನ ಕೀಪರನ ಒಂದು ತಪ್ಪು ನೂರು ರನ್ನಿಗೆ ಸಮ. ಆಯ್ಕೆಗಾರರ ಬಳಿ ಕಾರಣವಿರಲಿಲ್ಲ ಎನ್ನುವಂತಿಲ್ಲ.

ಹಾಗಾದರೆ ಮೋಸ ಎಲ್ಲಿಯದು? ನನಗೆ ತಿಳಿದ ಮಟ್ಟಿಗೆ ಮೋಸ ಇರುವುದು ಲೆಕ್ಕದ ರೀತಿಯಲ್ಲೇ. ಆ ಐದು ಟೆಸ್ಟು ಬಿಟ್ಟರೆ ಉಳಿದ 13 ಟೆಸ್ಟು ಅವರು ಬಿಡಿ ಬಿಡಿಯಾಗಿ ಆಡಿದವು. ಒಂದು ಇಲ್ಲಿ, ಎರಡು ಅಲ್ಲಿ, ನಡುವೆ ವರ್ಷ, ಎರಡು ವರ್ಷ. ಐದೂ ಟೆಸ್ಟ್ ಪೂರ್ತಿ ಅವರದೇ ಎಂದು ಬಿಟ್ಟುಕೊಟ್ಟದ್ದು ಒಂದೇ ಸರಣಿ, ಆ ಒಂದರಲ್ಲಿ ಅವರು ಬೆಳೆದು ತೋರಿಸಿದರು. ಬದಲಿ ಕಾಮಗಾರನನ್ನು ಇವತ್ತು ಒಂದು ಮಗ್ಗಕ್ಕೆ, ನಾಳೆ ಇನ್ನೊಂದಕ್ಕೆ ಹಚ್ಚಿ, ತಿಂಗಳ ಕೊನೆಗೆ ‘ಇವನ ಬಟ್ಟೆ ಕಡಿಮೆ ಇಳಿದಿದೆ’ ಅಂದರೆ ಹೇಗೆ? ಮಗ್ಗದ ಸ್ವಭಾವ ಕೈಗೆ ಹತ್ತಲು ನಾಲ್ಕು ದಿನ ಬೇಕು. ಅದೇ ನಾಲ್ಕು ದಿನ ಅವನಿಗೆ ಸಿಗುವುದಿಲ್ಲ. ಕಾಯಂ ಆಳಿನ ಕೆಟ್ಟ ದಿನ ಕೆಟ್ಟ ದಿನ ಅಷ್ಟೇ, ಬದಲಿಯವನ ಕೆಟ್ಟ ದಿನ ಅವನ ಯೋಗ್ಯತೆ ಅಂತ ಆಗಿಬಿಡುತ್ತದೆ.

ಇದಕ್ಕೆ 1966–67ರ ಚಳಿಗಾಲ ಒಳ್ಳೆಯ ಉದಾಹರಣೆ. ಕುಂದರನ್ ಆಗ ರೈಲ್ವೆ ಬಿಟ್ಟು ಮೈಸೂರು ತಂಡಕ್ಕೆ ಬಂದಿದ್ದರು. ಸೋಬರ್ಸರ ವೆಸ್ಟ್ ಇಂಡೀಸ್ ಬಂತು. ಮುಂಬಯಿಯ ಮೊದಲ ಟೆಸ್ಟಿಗೆ ಕುಂದರನ್. ಆ ಪಂದ್ಯದಲ್ಲಿ ಚಂದ್ರಶೇಖರ್ 11 ವಿಕೆಟ್ ತೆಗೆದರು. ಎರಡನೇ ಇನಿಂಗ್ಸಿನಲ್ಲಿ ಕುಂದರನ್ ಕೆಳಗಿನ ಕ್ರಮಾಂಕದಲ್ಲಿ ಬಂದು 79 ಹೊಡೆದರು. ಹಾಲ್, ಗ್ರಿಫಿತ್ ಎದುರು 79 ಅಂದರೆ ಸಣ್ಣ ಮಾತಲ್ಲ. ಕಲಕತ್ತೆಯ ಟೆಸ್ಟಿನಲ್ಲಿ ಗಲಭೆಯಾಗಿ ಆಟವೇ ಕೆಟ್ಟಿತು, ಭಾರತ ಸೋತಿತು. ಮೂರನೇ ಟೆಸ್ಟ್ ಮದ್ರಾಸಿನಲ್ಲಿ, ಕುಂದರನ್ 192 ಹೊಡೆದ ಊರಿನಲ್ಲೇ. ಅಲ್ಲಿ ಅವರನ್ನು ಕೂರಿಸಿ ಎಂಜಿನಿಯರರನ್ನು ಕರೆದರು. ಎಂಜಿನಿಯರ್ ಮೊದಲ ದಿನ ಊಟದ ಹೊತ್ತಿಗೆ 94 ಹೊಡೆದಿದ್ದರು! ಆರು ರನ್ ಹೆಚ್ಚಿದ್ದರೆ ಊಟದೊಳಗೆ ಶತಕ. ಕೊನೆಗೆ 109. ಆ ಒಂದು ಮುಂಜಾನೆಯಲ್ಲಿ ಪ್ರಶ್ನೆ ಮುಗಿದುಹೋಯಿತು. ಮೂರು ವರ್ಷದ ಹಿಂದೆ ಎಂಜಿನಿಯರರಿಗೆ ಮೈ ಸರಿಯಿಲ್ಲದಾಗ ಕುಂದರನ್ ಏನು ಮಾಡಿದ್ದರೋ ಅದನ್ನೇ ಈಗ ಎಂಜಿನಿಯರ್ ಅದೇ ಊರಿನಲ್ಲಿ ಮಾಡಿದರು. ವ್ಯತ್ಯಾಸ ಇಷ್ಟೇ, ಕುಂದರನ್ನರ 192 ಅವರನ್ನು ಕಾಯಂ ಮಾಡಲಿಲ್ಲ, ಎಂಜಿನಿಯರರ 109 ಅವರನ್ನು ಕಾಯಂ ಮಾಡಿತು. ಯಾಕೆ ಅಂತ ಕೇಳಿದರೆ ನನ್ನ ಹತ್ತಿರ ಗಟ್ಟಿ ಉತ್ತರವಿಲ್ಲ. ಎಂಜಿನಿಯರ್ ಮೈಯೆಲ್ಲ ಹುರುಪಿನ ಮನುಷ್ಯ, ಕೂದಲಿಗೆ ಹಚ್ಚುವ ಬ್ರಿಲ್‌ಕ್ರೀಮ್ ಜಾಹೀರಾತಿನಲ್ಲಿ ಬಂದವರು, ಜನರ ಕಣ್ಣಲ್ಲಿ ತುಂಬಿದವರು. ಅದೂ ಒಂದು ಕಾರಣವಾಗಿರಬಹುದು ಅಂತ ನನ್ನ ಅನಿಸಿಕೆ, ಅಷ್ಟೇ.

1967ರ ಬೇಸಿಗೆಯಲ್ಲಿ ಇಂಗ್ಲೆಂಡಿಗೆ ಇಬ್ಬರೂ ಹೋದರು. ಲಾರ್ಡ್ಸ್‌ನಲ್ಲಿ ಕುಂದರನ್ನರನ್ನು ಕೀಪರನಾಗಿ ಅಲ್ಲ, ಬ್ಯಾಟ್ಸ್‌ಮನ್ ಎಂದು ಆಡಿಸಿದರು, ಎರಡನೇ ಇನಿಂಗ್ಸಿನಲ್ಲಿ 47 ಹೊಡೆದರು. ಗವಸು ಎಂಜಿನಿಯರರ ಕೈಯಲ್ಲಿ. ಮುಂದಿನದು ಎಜ್‌ಬಾಸ್ಟನ್, ಜುಲೈ ತಿಂಗಳು. ಆ ಪಂದ್ಯ ಇತಿಹಾಸದಲ್ಲಿ ಬೇರೆ ಕಾರಣಕ್ಕೆ ಇದೆ. ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ನಾಲ್ವರೂ ಒಟ್ಟಿಗೆ ಆಡಿದ ಒಂದೇ ಟೆಸ್ಟ್ ಅದು. ನಾಲ್ಕೂ ಸ್ಪಿನ್ನರು, ಹಾಗಾದರೆ ಹೊಸ ಚೆಂಡು ಹಾಕುವವರು ಯಾರು? ಒಂದು ಕಡೆ ಮೈಸೂರಿನ ವಿ. ಸುಬ್ರಹ್ಮಣ್ಯ. ಇನ್ನೊಂದು ಕಡೆಗೆ ನಾಯಕ ಪಟೌಡಿ ಚೆಂಡು ಕೊಟ್ಟದ್ದು ಕುಂದರನ್ನರಿಗೆ! ‘ಏನು ಹಾಕುತ್ತೀಯ?’ ಎಂದು ಕೇಳಿದಾಗ, ಅದು ತನಗೂ ಗೊತ್ತಿಲ್ಲ ಎಂದರಂತೆ. ನಾಲ್ಕು ಓವರ್ ಹಾಕಿದರು, ವಿಕೆಟ್ ಬೀಳಲಿಲ್ಲ. ಆ ಪಂದ್ಯದಲ್ಲಿ ಬ್ಯಾಟಿಂಗಿಗೂ ಮೊದಲು ಹೋದವರು ಅವರೇ. ಒಂದೇ ಟೆಸ್ಟಿನಲ್ಲಿ ಬ್ಯಾಟು, ಚೆಂಡು ಎರಡನ್ನೂ ಮೊದಲಿಗೆ ಹಿಡಿದವರು ನಮ್ಮಲ್ಲಿ ಬೆರಳೆಣಿಕೆಯಷ್ಟು ಜನ.

ಜನ ಇದನ್ನು ನಗೆಯ ಕತೆಯಾಗಿ ಹೇಳುತ್ತಾರೆ, ನಾನೂ ಓದಿದಾಗ ನಕ್ಕೆ. ಆಮೇಲೆ ಅನ್ನಿಸಿತು, ಬದಲಿಯವನ ಪಾಡಿಗೆ ಇದಕ್ಕಿಂತ ಒಳ್ಳೆ ಚಿತ್ರ ಸಿಗಲಾರದು. ಅವನ ಕಸುಬು ಕೀಪಿಂಗ್. ಅದೊಂದನ್ನು ಬಿಟ್ಟು ಮಿಕ್ಕ ಎಲ್ಲಾ ಕೆಲಸಕ್ಕೂ ಅವನನ್ನು ಹಚ್ಚಿದರು, ಅವನೂ ಒಲ್ಲೆ ಅನ್ನದೆ ಮಾಡಿದ. ಎಜ್‌ಬಾಸ್ಟನ್ನೇ ಅವರ ಕೊನೆಯ ಟೆಸ್ಟ್. ಆಗ ವಯಸ್ಸು 27, ಇನ್ನೂ 28 ತುಂಬಿರಲಿಲ್ಲ. ಆ ವಯಸ್ಸಿಗೆ ಕೀಪರನ ಕೈ ಹದಕ್ಕೆ ಬರುವ ಕಾಲ.

ಕುಂದರನ್ ಮೈಸೂರಿನ ಪರ ಇನ್ನೆರಡು ಮೂರು ಋತು ಆಡಿದರು. 1967–68ರಲ್ಲಿ ಅದೇ ಮೈಸೂರು ತಂಡಕ್ಕೆ ಹದಿನೇಳು–ಹದಿನೆಂಟರ ಹುಡುಗನೊಬ್ಬ ಸೇರಿದ, ಸೈಯದ್ ಕಿರ್ಮಾನಿ. ಅವನೂ ಕೀಪರ್. ಆ ಹುಡುಗನ ನಸೀಬೂ ಮೊದಲು ಬದಲಿಯದೇ. 1971, 1974 ಎರಡು ಇಂಗ್ಲೆಂಡ್ ಪ್ರವಾಸಕ್ಕೆ ಹೋಗಿ ಒಂದೂ ಟೆಸ್ಟ್ ಆಡದೆ ಬಂದರು. ಎಂಜಿನಿಯರ್ ಅಷ್ಟು ಹೊತ್ತಿಗೆ ಲ್ಯಾಂಕಾಶೈರಿನ ದೊಡ್ಡ ಹೆಸರು. 1975ರ ಜನವರಿಯಲ್ಲಿ ಅವರ ಕೊನೆಯ ಟೆಸ್ಟ್ ಆಯಿತು, ಸರಿಯಾಗಿ ಒಂದು ವರ್ಷಕ್ಕೆ, 1976ರ ಜನವರಿಯಲ್ಲಿ, ಆಕ್ಲೆಂಡಿನಲ್ಲಿ ಕಿರ್ಮಾನಿ ನಿಂತರು. ಎರಡನೇ ಟೆಸ್ಟಿನಲ್ಲೇ ಒಂದು ಇನಿಂಗ್ಸಿನಲ್ಲಿ ಆರು ಜನರನ್ನು ಔಟ್ ಮಾಡಿ ಆಗಿನ ಜಗತ್ತಿನ ದಾಖಲೆ ಸರಿಗಟ್ಟಿದರು. ಆಮೇಲೆ 88 ಟೆಸ್ಟ್. 1983ರಲ್ಲಿ ಟನ್‌ಬ್ರಿಜ್ ವೆಲ್ಸಿನಲ್ಲಿ ಕಪಿಲ್ 175 ಹೊಡೆಯುವಾಗ ಇನ್ನೊಂದು ತುದಿಯಲ್ಲಿ 24 ಹೊಡೆದು ಕಡೆತನಕ ನಿಂತವರು ಅವರೇ. ಐದು ವರ್ಷ ಕಾಯುವುದು ಕಿರ್ಮಾನಿಗೆ ಫಲ ಕೊಟ್ಟಿತು. ಕುಂದರನ್ನರಿಗೆ ಕೊಡಲಿಲ್ಲ. ಕಾಯುವ ಗುಣದಲ್ಲಿ ಇಬ್ಬರಿಗೂ ವ್ಯತ್ಯಾಸವಿತ್ತು ಎಂದು ನನಗನ್ನಿಸುವುದಿಲ್ಲ. ಕಿರ್ಮಾನಿಯ ಮುಂದಿದ್ದವರಿಗೆ ವಯಸ್ಸಾಗುತ್ತಿತ್ತು, ಕುಂದರನ್ನರ ಮುಂದಿದ್ದವರಿಗೆ ಅವರದೇ ವಯಸ್ಸು. ಬದಲಿಯವನು ಕೆಲಸವನ್ನು ಎಷ್ಟು ಕಲಿತ ಅನ್ನುವುದಕ್ಕಿಂತ ಕಾಯಂ ಆಳಿಗೆ ನಿವೃತ್ತಿ ಎಂದು ಅನ್ನುವುದೇ ದೊಡ್ಡದಾಗುತ್ತದೆ. ಅಂದ ಹಾಗೆ, 1983ರ ಆ ಹದಿನಾಲ್ಕು ಜನರಲ್ಲಿ ಸುನೀಲ್ ವಾಲ್ಸನ್ ಎಂಬ ಬೌಲರ್ ಇದ್ದರು, ಒಂದೂ ಪಂದ್ಯ ಆಡದೆ ವಿಶ್ವಕಪ್ ಗೆದ್ದು ಬಂದವರು. ಅವರ ಹೆಸರನ್ನು ಈಗ ಯಾರು ಕೇಳಿದರೂ ಒಗಟಿನ ಹಾಗೆ ಕೇಳುತ್ತಾರೆ.

ಕುಂದರನ್ ಎಪ್ಪತ್ತರ ದಶಕದಲ್ಲಿ ದೇಶ ಬಿಟ್ಟು ಸ್ಕಾಟ್ಲೆಂಡಿಗೆ ಹೋದರು. ಗ್ಲಾಸ್ಗೋ ಹತ್ತಿರದ ಕೋಟ್‌ಬ್ರಿಜ್ ಎಂಬ ಊರಿನ ಡ್ರಮ್‌ಪೆಲಿಯರ್ ಕ್ಲಬ್ಬಿನಲ್ಲಿ ಸಂಬಳದ ಆಟಗಾರರಾದರು. ಅಲ್ಲಿ ಅವರು ಯಾರ ಬದಲಿಯೂ ಆಗಿರಲಿಲ್ಲ. ನಲವತ್ತು ದಾಟಿದ ಮೇಲೂ ಸ್ಕಾಟ್ಲೆಂಡ್ ದೇಶದ ತಂಡದ ಪರವಾಗಿ ಬೆನ್ಸನ್ ಅಂಡ್ ಹೆಡ್ಜಸ್ ಕಪ್ಪಿನಲ್ಲಿ ಆಡಿದರು. ಮೂಲ್ಕಿಯಲ್ಲಿ ಹುಟ್ಟಿ, ಮುಂಬಯಿಯ ತೋಟದಲ್ಲಿ ಮಲಗಿ, ಮೈಸೂರಿಗೆ ಆಡಿ, ಕೊನೆಗೆ ಚಳಿಯ ನಾಡಿನಲ್ಲಿ ನೆಲೆ ನಿಂತರು. ಹಳೆಯ ಪಂದ್ಯಗಳ ಪಟ್ಟಿಯಲ್ಲಿ ಅವರ ಹೆಸರು ‘ಕುಂದೆರಾಮ್’ ಎಂದೂ ಇದೆ, ಆಮೇಲೆ ಕುಂದರನ್ ಆಯಿತು. ಹೆಸರು ಕೂಡ ಒಂದು ಕಡೆ ನಿಲ್ಲಲಿಲ್ಲ.

ನಮ್ಮ ವಾಚನಾಲಯಕ್ಕೆ ಬರುವ ಹುಡುಗರಲ್ಲಿ ಕ್ರಿಕೆಟ್ ಅಂಕಿಗಳನ್ನು ಬಾಯಿಪಾಠ ಹೇಳುವವರು ಬಹಳ ಜನ. ಅವರಿಗೆ ಧೋನಿ 2013ರ ಫೆಬ್ರವರಿಯಲ್ಲಿ ಚೆನ್ನೈಯಲ್ಲಿ ಆಸ್ಟ್ರೇಲಿಯಾ ಮೇಲೆ ಹೊಡೆದ 224 ಗೊತ್ತು. ಭಾರತದ ಕೀಪರ್ ಒಬ್ಬ ಟೆಸ್ಟಿನಲ್ಲಿ ಹೊಡೆದ ಅತಿ ದೊಡ್ಡ ಮೊತ್ತ ಅದು. ಅದಕ್ಕೆ ಹಿಂದೆ ಯಾರದಿತ್ತು ಅಂತ ಕೇಳಿದರೆ ಎಂಜಿನಿಯರ್ ಅನ್ನುತ್ತಾರೆ, ಕಿರ್ಮಾನಿ ಅನ್ನುತ್ತಾರೆ. 49 ವರ್ಷ ಅದು ಕುಂದರನ್ನರ 192 ಆಗಿತ್ತು, ಅದೇ ಊರಿನಲ್ಲಿ ಹೊಡೆದದ್ದು. ಎಂಜಿನಿಯರ್, ಕಿರ್ಮಾನಿ, ಮೋರೆ, ಮೊಂಗಿಯಾ ಎಲ್ಲರೂ ಬಂದು ಹೋದರು, ಯಾರಿಗೂ ದಾಟಲಾಗಲಿಲ್ಲ. ಕುಂದರನ್ ಗ್ಲಾಸ್ಗೋದಲ್ಲಿ ತೀರಿಕೊಂಡದ್ದು 2006ರ ಜೂನ್ 23ರಂದು, 66ನೇ ವಯಸ್ಸಿನಲ್ಲಿ, ಕ್ಯಾನ್ಸರಿನಿಂದ. ಆ ದಿನವೂ ಆ ಪಟ್ಟಿಯಲ್ಲಿ ಮೊದಲ ಹೆಸರು ಅವರದೇ ಇತ್ತು.